ನನ್ನ ಕಡೆ ಬ್ರೇಕ್ ಇಲ್ಲ

ಇಬ್ಬರಿಗೂ ರಜೆಯಿದ್ದ ಒಂದು ಶನಿವಾರ, ಕೋಲಾರದ ಬಸ್ ನಿಲ್ದಾಣದಿಂದ ನಾವು ಕಾರು ನೋಡಲು ಹೊರಟೆವು. ಮಾವಿನ ಸುಗ್ಗಿ ಇನ್ನೇನು ಶುರುವಾಗಬೇಕಿತ್ತು. ಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಮಾಲೂರಿನ ಬಸ್ಸಿನಲ್ಲಿ ನನ್ನ ಹೆಂಡತಿ ಶೈಲಜಾ ಆಧಾರ್ ಕಾರ್ಡ್ ತೋರಿಸಿ ಉಚಿತ ಟಿಕೆಟ್ ತೆಗೆದುಕೊಂಡಳು, ನಾನು ದುಡ್ಡು ಕೊಟ್ಟು ತೆಗೆದುಕೊಂಡೆ. ಮುಂದೆ ಕಿಟಕಿ ಪಕ್ಕ ಎರಡು ಸೀಟು ಖಾಲಿಯಿದ್ದವು. ನಾನು ಅವನ್ನು ಬಿಟ್ಟು ಬಸ್ಸಿನ ಸರಿ ನಡುವೆ ಹೋಗಿ ಕೂತೆ. ಮುಂದಿನಿಂದ ಗುದ್ದಿದರೂ ಹಿಂದಿನಿಂದ ಗುದ್ದಿದರೂ ಅದು ಸಮದೂರ ಎಂಬುದು ನನ್ನ ಲೆಕ್ಕ.

"ದುಡ್ಡು ಕೊಟ್ಟು ಹೆದರ್ಕೊಳ್ಳೋರು ನೀವೊಬ್ರೇ ಕಣ್ರೀ," ಎಂದಳು ಶೈಲಜಾ.

ನಾನು ವಿಮಾ ಕಚೇರಿಯಲ್ಲಿ ಗುಮಾಸ್ತ. ಜಜ್ಜಿಹೋದ ವಾಹನಗಳ ಫೋಟೋ ನೋಡುವುದೇ ನನ್ನ ನೌಕರಿ. ಬೇರೆಯವರಿಗೆ ರಸ್ತೆ ಕಾಣುವ ಕಡೆ ನನಗೆ ಅಪಘಾತದ ಜಾಗ ಕಾಣುತ್ತದೆ. ಶೈಲಜಾ ಮಾಲೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾಳೆ. ಕೋಲಾರದಿಂದ ದಿನಾ ಕಾರಿನಲ್ಲೇ ಓಡಾಡುತ್ತಿದ್ದಳು, ಹಳೆಯ ಕಾರು ಕೈಕೊಡುವ ತನಕ. ಇಷ್ಟಕ್ಕೇ ನಿಂತಿದ್ದರೆ ಯಾವುದೋ ಒಂದು ಸೆಕೆಂಡ್‌ಹ್ಯಾಂಡ್ ಗಾಡಿ ಕೊಂಡು ಸುಮ್ಮನಿರುತ್ತಿದ್ದೆವು. ಆದರೆ ಹೋದ ವರ್ಷ ಗೆಳತಿಯೊಬ್ಬಳು ಅವಳನ್ನು ತಮಿಳುನಾಡಿನ ಕಡೆಯ ಒಂದು ರೇಸ್ ಟ್ರ್ಯಾಕಿಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಆಗಾಗ 'ಟ್ರ್ಯಾಕ್ ಡೇ' ಅಂತ ಇಡುತ್ತಾರೆ. ಶುಲ್ಕ ಕಟ್ಟಿದರೆ ನಮ್ಮಂಥವರೂ ನಮ್ಮ ನಮ್ಮ ಕಾರನ್ನೇ ಒಳಗೆ ಬಿಟ್ಟುಕೊಂಡು, ಮನಸ್ಸಿಗೆ ಬಂದಷ್ಟು ಜೋರಾಗಿ ಓಡಿಸಬಹುದು. ಪಂದ್ಯವಿಲ್ಲ, ಬಹುಮಾನವಿಲ್ಲ. ಅಲ್ಲಿಂದ ಬಂದ ಶೈಲಜಾ ಒಂದು ವಾರ ಮನೆಯಲ್ಲಿ ಗುನುಗುತ್ತಾ ಓಡಾಡಿದಳು. ಮದುವೆಯಾದ ಮೇಲೆ ಅವಳು ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ. ನನಗಾದರೋ ಆ ವಾರವಿಡೀ ಊಟ ಸೇರಲಿಲ್ಲ.

ಎರಡು ಕಾರು ಇಟ್ಟುಕೊಳ್ಳುವ ತಾಕತ್ತು ನಮಗಿಲ್ಲ. ದಿನಾ ಕಾಲೇಜಿಗೂ ಆಗಬೇಕು, ಟ್ರ್ಯಾಕಿಗೂ ಆಗಬೇಕು, ನಮ್ಮ ಕೈಗೂ ಎಟುಕಬೇಕು. ಮುಂದಿನ ಟ್ರ್ಯಾಕ್ ಡೇಗೆ ಹೆಸರು ಕೊಡಲು ಸೋಮವಾರವೇ ಕೊನೆ. "ಇವತ್ತು ಎರಡಕ್ಕೂ ಆಗೋ ಕಾರು ಸಿಗಲಿಲ್ಲ ಅಂದ್ರೆ ಟ್ರ್ಯಾಕ್ ಮಾತು ಇನ್ನು ಎತ್ತಲ್ಲ," ಎಂದು ಅವಳೇ ಹೇಳಿದ್ದಳು. ಸಿಗದಿರಲಿ ಎಂದು ಮನೆಯಿಂದ ಹೊರಡುವಾಗ ದೇವರಿಗೆ ಕೈಮುಗಿದಿದ್ದೆ.

ಮಾಲೂರು ಹತ್ತಿರವಾದಂತೆ ಇಟ್ಟಿಗೆ ಗೂಡುಗಳ ಚಿಮಣಿಗಳು ಕಂಡವು. ರಸ್ತೆಯ ಅಂಚು, ಗಿಡದ ಎಲೆ, ನಾಯಿಯ ಬೆನ್ನು, ಎಲ್ಲದರ ಮೇಲೂ ಕೆಂಪು ಧೂಳು. ನಿಲ್ದಾಣದ ಹೊರಗೆ ಒಂದು ಟೆಂಪೋದಲ್ಲಿ, ಶಿಲ್ಪಿಗಳ ಊರಾದ ಶಿವಾರಪಟ್ಟಣದ ಕಲ್ಲಿನ ಗಣಪತಿ ಕೂತಿದ್ದ. ಯಾವುದೋ ಊರಿನ ಗುಡಿಗೆ ಹೊರಟಿದ್ದನೇನೋ. ಸುತ್ತ ಹುಲ್ಲು ಒತ್ತಿ, ಸೊಂಡಿಲಿಗೆ ಗೋಣಿಚೀಲ ಸುತ್ತಿ, ಹಗ್ಗದ ಮೇಲೆ ಹಗ್ಗ ಬಿಗಿದಿದ್ದರು.

"ನೋಡ್ರೀ, ದೇವರನ್ನೇ ಕಟ್ಟಿ ಹಾಕಿದಾರೆ," ಎಂದಳು ಶೈಲಜಾ. "ಟ್ರ್ಯಾಕಲ್ಲೂ ಮೊದಲನೇ ಪಾಠ ಇದೇ. ಗಾಡಿ ಒಳಗೆ ಅಲುಗಾಡೋದು ಏನೂ ಇರಬಾರದು. ನೀರಿನ ಬಾಟಲಿ ಕೂಡ ತೆಗೆಸ್ತಾರೆ."

ನಾನು ಹೂಂಗುಟ್ಟಿದೆ. ಟ್ರ್ಯಾಕಿನ ಸುದ್ದಿ ಬಂದಾಗೆಲ್ಲ ನನ್ನ ಕಿವಿ ತಾನಾಗಿ ಮುಚ್ಚಿಕೊಳ್ಳುತ್ತದೆ.

ಮೊದಲ ಕಾರು ಮಂಜುನಾಥ್ ಎಂಬ ಇಟ್ಟಿಗೆ ಗೂಡಿನ ಯಜಮಾನರದು. ಚಿಕ್ಕ ಕಾರನ್ನು ನೆಲ ಮುಟ್ಟುವಷ್ಟು ತಗ್ಗಿಸಿ, ಅಗಲದ ಟೈರು ಹಾಕಿಸಿ, ಬೋಗುಣಿಯಷ್ಟು ದೊಡ್ಡ ಸೈಲೆನ್ಸರ್ ಇಡಿಸಿದ್ದರು. ಸ್ಟಾರ್ಟ್ ಮಾಡಿದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಟ್ರ್ಯಾಕಿಗೇ ಹುಟ್ಟಿರೋ ಗಾಡಿ ಮೇಡಂ ಇದು," ಎಂದರು ಮಂಜುನಾಥ್. ಶೈಲಜಾ ಸ್ಟೀರಿಂಗ್ ಹಿಡಿದಳು, ನಾನು ಪಕ್ಕದಲ್ಲಿ ಕೂತೆ. ಮೊದಲ ರೋಡ್ ಹಂಪಿನಲ್ಲೇ ಕಾರಿನ ಹೊಟ್ಟೆ ಕರ್ರೆಂದು ಉಜ್ಜಿತು, ಎರಡನೆಯದರಲ್ಲೂ ಉಜ್ಜಿತು. ಯಾರೋ ಸೈಕಲ್ಲಿನವರು ಅಡ್ಡ ಬಂದರು, ನನ್ನ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿಬಿಟ್ಟಿತು.

"ನಿಮ್ಮ ಕಡೆ ಬ್ರೇಕ್ ಇಲ್ಲ ಕಣ್ರೀ," ಎಂದು ಶೈಲಜಾ ನಕ್ಕಳು. ಮದುವೆಯಾದಾಗಿನಿಂದ ಅವಳು ನನಗೆ ಹೇಳುತ್ತಾ ಬಂದಿರುವ ಮಾತು ಅದು.

ವಾಪಸು ಬಂದು ಬಾನೆಟ್ ತೆಗೆಸಿ ನೋಡಿದಳು. ಗಾಳಿ ಸೋಸುವ ಫಿಲ್ಟರ್ ತೆಗೆದು ತಟ್ಟಿದರೆ ಇಟ್ಟಿಗೆ ಪುಡಿ ಉದುರಿತು. "ಟ್ರ್ಯಾಕಲ್ಲಿ ಓಡುತ್ತೇನೋ ಸಾರ್, ಕಾಲೇಜಿಗೆ ಹೋಗೋಷ್ಟರಲ್ಲಿ ಹೊಟ್ಟೆ ಕಿತ್ತುಹೋಗುತ್ತೆ," ಎಂದು ಹೇಳಿ ಕೈ ಒರೆಸಿಕೊಂಡಳು. ಮಂಜುನಾಥರಿಗೆ ಬೇಜಾರಾಯಿತು. ನನಗೆ ಒಳಗೊಳಗೇ ಹಬ್ಬ.

ಮತ್ತೆ ಕೋಲಾರಕ್ಕೆ ಬಂದು, ಮುದ್ದೆ ಬಸ್ಸಾರು ಉಂಡು, ಶ್ರೀನಿವಾಸಪುರದ ಬಸ್ಸು ಹಿಡಿದೆವು. ದಾರಿಯ ಎರಡೂ ಕಡೆ ಮಾವಿನ ತೋಪುಗಳು. ಕಾಯಿಯ ಭಾರಕ್ಕೆ ಕೊಂಬೆಗಳು ಬಾಗಿದ್ದವು. ಊರಿನಲ್ಲಿ ಹಣ್ಣು ಹರಾಜಾಗುವ ಮಂಡಿಗಳ ಚಪ್ಪರ ಕಟ್ಟುತ್ತಿದ್ದರು. ಅಲ್ಲಿ ಮಾವಿನ ವ್ಯಾಪಾರಿ ರೆಡ್ಡಿಯವರ ಡೀಸೆಲ್ ಕಾರು ನಮಗಾಗಿ ಕಾದಿತ್ತು. ನೋಡಿದ ಕೂಡಲೇ ನನಗೆ ಪ್ರೀತಿ ಹುಟ್ಟಿತು. ಎತ್ತರದ ಗಾಡಿ, ದಪ್ಪ ಬಾಗಿಲು, ಮುಚ್ಚಿದರೆ ಬೀರು ಮುಚ್ಚಿದ ಸದ್ದು. ಒಳಗೆಲ್ಲ ಹಣ್ಣಿನ ವಾಸನೆ.

"ಬಂಗಾರಂ ಲಾಂಟಿ ಗಾಡಿ ಸಾರ್," ಎಂದರು ರೆಡ್ಡಿಯವರು ತೆಲುಗು ಬೆರೆಸಿ. "ಹಿಂದೆ ಕ್ರೇಟ್ ತುಂಬಿಸಿದ್ರೂ ಹಂಗೇ ಹೋಗ್ತದೆ. ಚೂಡಂಡಿ, ಓಡ್ಸಿ ನೋಡಿ."

ಊರಾಚೆಯ ಖಾಲಿ ರಸ್ತೆಯಲ್ಲಿ ಶೈಲಜಾ ಓಡಿಸಿದಳು. ಹಿಂದೆ ಯಾರೂ ಇಲ್ಲದ್ದನ್ನು ನೋಡಿಕೊಂಡು ಗಟ್ಟಿಯಾಗಿ ಬ್ರೇಕ್ ಹಿಡಿದಳು. ಸ್ವಲ್ಪ ಹೋಗಿ ಇನ್ನೊಮ್ಮೆ ಹಿಡಿದಳು, ಮತ್ತೊಮ್ಮೆ ಹಿಡಿದಳು. ಅವಳ ಮುಖ ಸಪ್ಪಗಾಯಿತು.

"ಗಾಡಿ ಮೂಗು ಭಾರ ಕಣ್ರೀ, ಮುಂದುಗಡೆ ತೂಕ ಜಾಸ್ತಿ. ತಿರುವಲ್ಲಿ ತಿರುಗಕ್ಕೆ ಒಲ್ಲೆ ಅನ್ನುತ್ತೆ. ಬ್ರೇಕ್ ಬಿಸಿಯಾದ ಹಾಗೆ ಪೆಡಲ್ ಮೆತ್ತಗಾಗ್ತಿದೆ."

"ದಿನಾ ಓಡಾಟಕ್ಕೆ ಏನು ಕಮ್ಮಿ ಹೇಳು?"

"ಅದಕ್ಕೆ ಏನೂ ಕಮ್ಮಿ ಇಲ್ಲ. ಅದೊಂದಕ್ಕೇ ಆಗೋದಾದ್ರೆ ನಾನು ಬಸ್ಸಲ್ಲೇ ಹೋಗ್ತೀನಲ್ಲ," ಎಂದಳು.

ನಾಳೆ ಬೇರೆ ಪಾರ್ಟಿ ಬರುತ್ತಿದೆ, ಸಂಜೆಯೊಳಗೆ ಫೋನ್ ಮಾಡಿ ಎಂದರು ರೆಡ್ಡಿಯವರು. ನಾನು ಅವರ ನಂಬರನ್ನು ಫೋನಿನಲ್ಲಿ ಜೋಪಾನ ಮಾಡಿದೆ. ಉಳಿದಿದ್ದು ಮುಳಬಾಗಿಲಿನ ಕಾರು ಒಂದೇ.

ಮುಳಬಾಗಿಲು ತಲುಪುವ ಹೊತ್ತಿಗೆ ಬಿಸಿಲು ಇಳಿಯುತ್ತಿತ್ತು. ರಂಗನಾಥ ರಾಯರು ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತರಾದವರು. ಕಣ್ಣಿನ ಆಪರೇಷನ್ ಆದಮೇಲೆ ಓಡಿಸುವುದು ಬಿಟ್ಟಿದ್ದರು. ಅವರ ಪೆಟ್ರೋಲ್ ಕಾರು ಬಿಳಿಯದು, ಪುಟ್ಟದು, ಯಾರೂ ತಿರುಗಿ ನೋಡದಂಥದು. ಸೀಟಿನ ಪ್ಲಾಸ್ಟಿಕ್ ಕವರನ್ನು ಕೊಂಡ ದಿನದಿಂದ ತೆಗೆದಿರಲಿಲ್ಲ. ಇದರಲ್ಲಿ ಟ್ರ್ಯಾಕಿಗೆ ಹೋದರೆ ಜನ ನಗುತ್ತಾರೆ ಎಂದುಕೊಂಡು ನಾನು ನಿರಾಳವಾದೆ. ಶೈಲಜಾ ಮಾತ್ರ ಬಾಗಿ ಟೈರು ನೋಡಿದಳು, ಗೇರು ಹಾಕಿ ತೆಗೆದಳು, "ಹಗುರ ಇದೆ," ಎಂದು ತನಗೆ ತಾನೇ ಹೇಳಿಕೊಂಡಳು.

"ಆವನಿ ತನಕ ಹೋಗಿ ಬನ್ನಿ, ರಸ್ತೇಲಿ ತಿರುವೂ ಇದೆ, ಇಳಿಜಾರೂ ಇದೆ," ಎಂದರು ರಾಯರು. "ಹೊರಡೋ ಮುಂಚೆ ಬೀದಿ ಕೊನೇಲಿ ಹನುಮಂತರಾಯನಿಗೆ ಒಂದು ನಮಸ್ಕಾರ ಹಾಕಿ."

ಗುಡಿಯ ಮುಂದೆ ನಿಲ್ಲಿಸಿದ್ದೇ ತಡ, ಅರ್ಚಕರು ತಟ್ಟೆ ಹಿಡಿದು ಬಂದೇಬಿಟ್ಟರು. ರಾಯರ ಕಾರಿನಲ್ಲಿ ಹೊಸ ಮುಖಗಳನ್ನು ಕಂಡು ಮಾರಾಟ ಮುಗಿದಿದೆ ಎಂದೇ ತಿಳಿದರು. ನಾವು ಬಾಯಿ ಬಿಡುವ ಮುಂಚೆ ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮದ ಸ್ವಸ್ತಿಕ ಬಂತು, ಮುಂದುಗಡೆ ಹೂವಿನ ಹಾರ ಬಂತು, ಚಕ್ರಗಳ ಕೆಳಗೆ ನಿಂಬೆಹಣ್ಣು ಬಂದವು.

"ಸ್ವಾಮಿ, ಇನ್ನೂ ತಗೊಂಡಿಲ್ಲ, ಸುಮ್ನೆ ಓಡಿಸಿ ನೋಡೋಕೆ ಬಂದಿದೀವಿ," ಎಂದಳು ಶೈಲಜಾ.

"ಓಡಿಸ್ತೀರಲ್ಲಮ್ಮ? ಓಡಿಸೋವಾಗ ರಕ್ಷೆ ಬೇಡ್ವಾ?" ಎಂದು ಅರ್ಚಕರು ಕಾಯಿ ಒಡೆದರು.

ಅವಳಿಗೆ ಮುಜುಗರ. ಕೊಳ್ಳದ ಗಾಡಿಗೆ ಪೂಜೆ ಮಾಡಿಸಿಕೊಂಡು, ಆಮೇಲೆ ಬೇಡ ಎನ್ನುವುದು ಹೇಗೆ? ನನಗೆ ಮಾತ್ರ ಆ ಮಾತು ಬಹಳ ಹಿಡಿಸಿತು. ಬೆಳಗಿನಿಂದ ಯಾರಾದರೂ ನನ್ನ ಕಡೆ ಮಾತಾಡಿದ್ದರೆ ಅದು ಆ ಅರ್ಚಕರೊಬ್ಬರೇ. ಇನ್ನೊಂದು ನಿಂಬೆಹಣ್ಣು ಕೇಳಿ ಇಸಕೊಂಡು, ಸ್ಟೀರಿಂಗಿನ ಎದುರಿಗೆ, ಗಾಜಿನ ಒಳಗಡೆ, ಮೀಟರಿನ ಗೂಡಿನ ಮರೆಯಲ್ಲಿ ನಾನೇ ಕೈಯಾರೆ ಇಟ್ಟೆ. ಶೈಲಜಾ ಹಿಂದಿನ ಚಕ್ರದ ಬಳಿ ಸಿಕ್ಕಿಕೊಂಡಿದ್ದ ಹೂವು ಬಿಡಿಸುತ್ತಿದ್ದಳು, ನೋಡಲಿಲ್ಲ. ನಾಲ್ಕು ನಿಂಬೆಹಣ್ಣು ಅಪ್ಪಚ್ಚಿ ಮಾಡಿ ಕಾರು ಹೊರಟಿತು.

ಆವನಿಯ ದಾರಿಯಲ್ಲಿ ಶೈಲಜಾ ಬದಲಾದಳು. ಬಂಡೆಗುಡ್ಡಗಳ ನಡುವೆ ರಸ್ತೆ ತಿರುಗಿದ ಕಡೆಯಲ್ಲೆಲ್ಲ ಆ ಪುಟ್ಟ ಕಾರು ಅವಳು ಹೇಳಿದ ಮಾತು ಕೇಳುತ್ತಿತ್ತು. ಜೋರಾಗಿಯೇನೂ ಓಡಿಸಲಿಲ್ಲ, ರಸ್ತೆಯಲ್ಲಿ ಅವಳೆಂದೂ ಜೋರಾಗಿ ಓಡಿಸುವುದಿಲ್ಲ. ಆದರೆ ಮತ್ತೆ ಗುನುಗತೊಡಗಿದ್ದಳು. ಅದನ್ನು ಕೇಳಿದಾಗ ನನಗೆ ಸಂಕಟವಾಯಿತು. ಇದೇ ಆ ಕಾರು ಎಂದು ಇಬ್ಬರಿಗೂ ಗೊತ್ತಾಗಿತ್ತು. ಬೆಟ್ಟದ ಬುಡದಲ್ಲಿ ನಿಲ್ಲಿಸಿ ಒಂದೊಂದು ಎಳನೀರು ಕುಡಿದೆವು. ನನ್ನ ತಲೆಯ ತುಂಬ ಕಚೇರಿಯ ಫೋಟೋಗಳು, ಒಂದೊಂದರಲ್ಲೂ ಬಿಳಿಯ ಪುಟ್ಟ ಕಾರು.

ವಾಪಸು ಬರುವಾಗ ಒಂದು ಹಳ್ಳ ಬಿದ್ದ ಜಾಗದಲ್ಲಿ ಕಾರು ಕುಲುಕಿತು. ಮುಂದೆ ಇಳಿಜಾರು, ಅದರ ಕೊನೆಗೆ ಎಡತಿರುವು. ತಿರುವಿನಿಂದ ಕುರಿಮಂದೆಯೊಂದು ರಸ್ತೆಗೆ ಸುರಿದ ಹಾಗೆ ಬಂತು. ಶೈಲಜಾ ಬ್ರೇಕಿನ ಮೇಲೆ ಕಾಲಿಟ್ಟಳು. ಪೆಡಲ್ ಅರ್ಧಕ್ಕೇ ನಿಂತಿತು.

"ರೀ, ಏನೋ ಸಿಕ್ಕಿಕೊಂಡಿದೆ," ಎಂದಳು. ಅಷ್ಟೇ. ಕಿರುಚಲಿಲ್ಲ. ಗೇರನ್ನು ಮೂರಕ್ಕೆ ಇಳಿಸಿದಳು, ಎರಡಕ್ಕೆ ಇಳಿಸಿದಳು, ಎಂಜಿನ್ ಗೋಳಾಡಿತು. ಹ್ಯಾಂಡ್‌ಬ್ರೇಕನ್ನು ಸ್ವಲ್ಪಸ್ವಲ್ಪವಾಗಿ ಎಳೆದಳು. ಅವಳ ಕಣ್ಣು ಕುರಿಗಳ ಮೇಲಿರಲಿಲ್ಲ, ರಸ್ತೆಯ ಪಕ್ಕದ ಖಾಲಿ ಹೊಲದ ಮೇಲಿತ್ತು. ನನ್ನ ಬಲಗಾಲು ನೆಲ ತೂತಾಗುವಷ್ಟು ಒತ್ತುತ್ತಿತ್ತು. ಕಾರು ಹೊಲದ ಅಂಚಿಗೆ ಇಳಿದು, ಮಣ್ಣಿನಲ್ಲಿ ಎರಡು ಸಲ ಮುಗ್ಗರಿಸಿ, ನಿಂತಿತು. ಒಂದು ಕುರಿಗೂ ತಾಗಲಿಲ್ಲ.

ಕುರಿಯವನು ಕೋಲು ಎತ್ತಿಕೊಂಡು ಓಡಿಬಂದ. "ಏಮಮ್ಮಾ, ಬ್ರೇಕ್ ಲೇದಾ? ಬ್ರೇಕ್ ಇಲ್ವಾ ಗಾಡಿಗೆ?"

ಶೈಲಜಾ ಬಗ್ಗಿ ಪೆಡಲಿನ ಹಿಂದೆ ಕೈ ಹಾಕಿದಳು. ಹೊರಗೆ ಬಂದಿದ್ದು ಜಜ್ಜಿದ ಒಂದು ನಿಂಬೆಹಣ್ಣು. ಕಾರಿನ ತುಂಬ ಅದರ ವಾಸನೆ. ಕುರಿಯವನು ಅದನ್ನು ನೋಡಿದ, ಬಾನೆಟ್ಟಿನ ಮೇಲಿನ ಸ್ವಸ್ತಿಕ ನೋಡಿದ, ಕೋಲು ಇಳಿಸಿ ಕುರಿಗಳ ಹಿಂದೆ ಹೋದ.

"ನಾನಿಟ್ಟಿದ್ದು," ಎಂದೆ. "ನಿನಗೆ ಏನೂ ಆಗದಿರಲಿ ಅಂತ ಇಟ್ಟಿದ್ದೆ."

ಬೈದರೆ ಬೈಸಿಕೊಳ್ಳಲು ತಯಾರಾಗಿ ಕೂತಿದ್ದೆ. ಅವಳು ಬೈಯಲಿಲ್ಲ. ಹಣ್ಣನ್ನು ಕೈಯಲ್ಲಿ ತಿರುಗಿಸುತ್ತಾ ಹೇಳಿದಳು: "ಇಷ್ಟೊಂದು ಭಯ ಇಟ್ಕೊಂಡು ನೀವು ಹೇಗ್ರೀ ಬದುಕ್ತೀರ? ಬಿಡಿ. ಟ್ರ್ಯಾಕ್ ಬೇಡ. ರೆಡ್ಡಿಯವರಿಗೆ ಫೋನ್ ಮಾಡಿ, ಆ ಕಾರೇ ತಗೊಳ್ಳೋಣ."

ಬೆಳಗಿನಿಂದ ನಾನು ಕಾದಿದ್ದ ಮಾತು ಅದು. ಫೋನ್ ಜೇಬಿನಿಂದ ತೆಗೆದೆ, ನಂಬರೂ ಹುಡುಕಿದೆ. ಆದರೆ ಗುನುಗು ನಿಂತುಹೋಗಿದ್ದ ಕಾರಿನಲ್ಲಿ ಕೂತು ಆ ನಂಬರ್ ಒತ್ತಲು ನನ್ನಿಂದ ಆಗಲಿಲ್ಲ. ಬ್ರೇಕ್ ಸಿಗದ ಹೊತ್ತಿನಲ್ಲಿ ಎಲ್ಲಿ ನೋಡಬೇಕು, ಏನು ಮಾಡಬೇಕು ಎಂಬುದನ್ನು ಅವಳಿಗೆ ಕಲಿಸಿದ್ದು ಆ ಟ್ರ್ಯಾಕೇ. ನನ್ನ ಭಯ ನಮಗೆ ಕೊಟ್ಟಿದ್ದು ಒಂದು ನಿಂಬೆಹಣ್ಣು.

ಫೋನ್ ಒಳಗಿಟ್ಟೆ. ಗಾಜಿನ ಕೆಳಗಿದ್ದ ರಾಯರ ಪುಟ್ಟ ಹನುಮಂತ, ಬಾಗಿಲಿನ ನೀರಿನ ಬಾಟಲಿ, ಹಿಂದಿನ ಸೀಟಿನ ಕೊಡೆ, ಕುಂಕುಮದ ಪೊಟ್ಟಣ, ಪ್ರಸಾದದ ಕಾಯಿ, ಕಾರಿನಲ್ಲಿ ಅಲುಗಾಡುವಂಥದ್ದು ಏನೇನಿತ್ತೋ ಎಲ್ಲವನ್ನೂ ಆಯ್ದು ನನ್ನ ಮಡಿಲಿಗೆ ಹಾಕಿಕೊಂಡು ಎರಡೂ ಕೈಯಲ್ಲಿ ತಬ್ಬಿ ಹಿಡಿದೆ.

"ಈಗ ಓಡಿಸು," ಎಂದೆ. "ಇದನ್ನೇ ತಗೊಳ್ಳೋಣ."

ಅವಳು ನನ್ನನ್ನೇ ನೋಡಿದಳು. "ನಿಜವಾಗ್ಲೂನಾ?"

"ಹೆಸರೂ ಕೊಟ್ಟುಬಿಡು. ನಾನೂ ಬರ್ತೀನಿ. ಒಳಗಲ್ಲ, ಹೊರಗೆ ನಿಂತ್ಕೋತೀನಿ."

ರಾಯರಿಗೆ ಮುಂಗಡ ಕೊಟ್ಟೆವು. ಹೊಲದ ಮಣ್ಣಿನ ಕತೆ ಕೇಳಿ ಅವರು ಹೌಹಾರಿದರು, ಕಾಫಿ ಕೊಟ್ಟರು. ಕಾಗದಪತ್ರ ವರ್ಗವಾದ ಮೇಲೆ ಬಂದು ಗಾಡಿ ಒಯ್ಯುವುದೆಂದು ಮಾತಾಯಿತು. ಬೀದಿಯ ಕೊನೆಯಿಂದ ತಿರುಗಿ ನೋಡಿದಾಗ, ಹಾರ ಹಾಕಿಕೊಂಡ ಬಿಳಿ ಕಾರು ರಾಯರ ಗೇಟಿನ ಮುಂದೆ ನಿಂತಿತ್ತು.

ಕೋಲಾರದ ಬಸ್ಸಿನಲ್ಲಿ ನಡುವಿನ ಸೀಟು ಸಿಗಲಿಲ್ಲ. ಡ್ರೈವರಿನ ಹಿಂದೆಯೇ ಕೂತೆವು. ಶೈಲಜಾ ಕಿಟಕಿಗೆ ಒರಗಿ ಬೇಗನೆ ನಿದ್ದೆ ಹೋದಳು. ಹೆದ್ದಾರಿಯಲ್ಲಿ ಲಾರಿಯೊಂದು ಅಡ್ಡ ಬಂದು ಡ್ರೈವರು ಬ್ರೇಕ್ ಹಾಕಿದರು. ಎಂದಿನಂತೆ ನೆಲ ಒತ್ತಿರಬೇಕೆಂದು ನನ್ನ ಕಾಲಿನ ಕಡೆ ನೋಡಿಕೊಂಡೆ. ನನ್ನದು ಸುಮ್ಮನಿತ್ತು. ಪಕ್ಕದಲ್ಲಿ ಅವಳ ಬಲಗಾಲು, ನಿದ್ದೆಯಲ್ಲೇ, ಬಸ್ಸಿನ ನೆಲವನ್ನು ಬಲವಾಗಿ ಒತ್ತುತ್ತಿತ್ತು. ಬಿಟ್ಟು ಮತ್ತೆ ಒತ್ತಿತು. ಹಣೆಯ ಮೇಲೆ ಬೆವರಿತ್ತು. ಹೊಲದ ಅಂಚಿನಲ್ಲಿ ಅವಳಿಗೂ ಜೀವ ಬಾಯಿಗೆ ಬಂದಿತ್ತೆಂದು, ನಮ್ಮ ಮನೆಯ ಭಯವೆಲ್ಲ ನನ್ನೊಬ್ಬನದೇ ಅಲ್ಲವೆಂದು, ಇಷ್ಟು ವರ್ಷಕ್ಕೆ ಆಗ ನನಗೆ ತಿಳಿಯಿತು.

ಅವಳ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದೆ: "ನಿನ್ನ ಕಡೆ ಬ್ರೇಕ್ ಇಲ್ಲ ಕಣೇ. ಮಲ್ಕೋ."