ಏಕಾಂತಯ್ಯನ ಉಫ್

ಆಲೂರಿನಾಚೆ ರಸ್ತೆ ಬದಿಯ ಅಕ್ಕಿ ಮಿಲ್ಲಿನಲ್ಲಿ ಏಕಾಂತಯ್ಯನವರಿಗೆ ಮೂವತ್ತೊಂದು ವರ್ಷ ಕಳೆದಿತ್ತು. ಭತ್ತದ ಸಿಪ್ಪೆ ಬಿಡಿಸುವ ಯಂತ್ರದ ಹೊಣೆ ಅವರದೇ. ಅದರೊಳಗೆ ಎರಡು ರಬ್ಬರ್ ರೋಲರ್‌ಗಳು. ನಡುವಿನ ಸಂದು ಕೂದಲೆಳೆಯಷ್ಟು ಕಿರಿದಾದರೆ ಅಕ್ಕಿ ನುಚ್ಚು. ಹಿರಿದಾದರೆ ಭತ್ತ ಭತ್ತವಾಗಿಯೇ ಹೊರಗೆ. ಏಕಾಂತಯ್ಯ ರೋಲರ್ ಕೆಳಗಿನಿಂದ ಒಂದು ಹಿಡಿ ತೆಗೆದು, ಅಂಗೈ ಬಿಚ್ಚಿ 'ಉಫ್' ಎಂದು ಊದುತ್ತಿದ್ದರು. ಹೊಟ್ಟು ಹಾರಿದ ಮೇಲೆ ಎಷ್ಟು ಭತ್ತ ಉಳಿಯಿತೆಂದು ನೋಡಿ ತಿರುಪು ತಿರುಗಿಸುತ್ತಿದ್ದರು. ನುಚ್ಚಿಲ್ಲದೆ ನಾಲ್ಕೈದೇ ಭತ್ತ ಉಳಿದರೆ ಸಂದು ಸರಿ. ಅಳತೆ ಅಷ್ಟೇ.

ಆ ಉಫ್ ಈಗ ಇರಲಿಲ್ಲ. ಇಷ್ಟು ವರ್ಷದ ದೂಳು ಎದೆಯಲ್ಲಿ ಮನೆ ಮಾಡಿತ್ತು. ಬಾಯಿಗೆ ಬಟ್ಟೆ ಕಟ್ಟದ ಮೊಂಡ ಇವರು, ಒಂದು ಮಾಸ್ಕು ಕೊಡದ ಜಿಪುಣ ಮಾಲೀಕ. ಬೈಯುವುದಾದರೆ ಇಬ್ಬರನ್ನೂ ಬೈಯಬೇಕು.

"ಸಾಕು ಕಣ್ರೀ, ಬುಟ್ಬುಡಿ ಆ ಮಿಲ್ಲು," ಎನ್ನುತ್ತಿದ್ದಳು ಹೆಂಡತಿ ಬಸಮ್ಮ.

"ಬುಟ್ರೆ ನಾನ್ಯಾರೇ?"

ಹಾಗಾಗಿ ಎರಡು ವರ್ಷದಿಂದ ಕಳ್ಳಾಟ ನಡೆದಿತ್ತು. ಹೊಟ್ಟು ಹೊರಗೆಸೆಯುವ ದೊಡ್ಡ ಫ್ಯಾನಿನ ಗಾಳಿಗೆ ಅಂಗೈ ಒಡ್ಡುವುದು, ಊದಿದಂತೆ ತುಟಿ ಮಾತ್ರ ಮುಂದೆ ಮಾಡುವುದು. ಯಾರಿಗೂ ಗೊತ್ತಾಗಲಿಲ್ಲ.

ಸುಗ್ಗಿಯ ಒಂದು ಮಧ್ಯಾಹ್ನ ಮಾಲೀಕ ರಾಜಶೇಖರ್ ಸಕಲೇಶಪುರದ ವ್ಯಾಪಾರಿಯೊಬ್ಬರನ್ನು ಕರೆತಂದರು. ಅದೇ ಹೊತ್ತಿಗೆ ಕರೆಂಟು ಹೋಗಬೇಕೇ! ಫ್ಯಾನು ನಿಂತಿತು.

"ನಮ್ಮ ಏಕಾಂತಯ್ಯನ ಉಫ್ ನೋಡಿ ಸಾರ್," ಎಂದರು ರಾಜಶೇಖರ್ ಹೆಮ್ಮೆಯಿಂದ.

"ಕರೆಂಟ್ ಬರ್ಲಿ ತಡೀರಿ," ಎಂದರು ಏಕಾಂತಯ್ಯ.

"ಊದಾಕೆ ಕರೆಂಟ್ ಯಾಕೆ ಮಾರಾಯ್ರೇ?" ಎಂದು ರಾಜಶೇಖರ್ ನಕ್ಕರು, ವ್ಯಾಪಾರಿಯೂ ನಕ್ಕರು.

ಏಕಾಂತಯ್ಯ ಹಿಡಿ ತೆಗೆದು ಊದಿದರು. ಹೊಟ್ಟು ಕದಲಲಿಲ್ಲ. ಮತ್ತೆ ಊದಿದರು. ಕೆಮ್ಮು ಬಂತು, ನಿಲ್ಲಲಿಲ್ಲ. ಚೀಲಗಳ ಮೇಲೆ ಕುಸಿದರು. ಆಗಲೂ ಅಂಗೈಯಲ್ಲಿದ್ದುದನ್ನು ಚೆಲ್ಲಲಿಲ್ಲ.

ರಾಜಶೇಖರ್ ನಗು ನಿಲ್ಲಿಸಿ, ಆ ಕೈ ಹಿಡಿದು, ತಾವೇ ಊದಿದರು. ಹೊಟ್ಟೆಲ್ಲ ಹಾರಿ ಅಕ್ಕಿ ಉಳಿಯಿತು.

"ಸಂದು ಸರಿಯಾಗೇ ಐತೆ," ಎಂದರು ನೆಲ ನೋಡುತ್ತಾ. "ಆದ್ರೆ ನಾಳೆಯಿಂದ ಬರ್ಬೇಡಿ ಏಕಾಂತಯ್ಯನೋರೇ. ಇಲ್ಲೇ ಏನಾದ್ರೂ ಆಗ್ಬುಟ್ರೆ ನಾನೇನ್ ಮಾಡ್ಲಿ?"

ಇಷ್ಟು ಬೇಗ ಮನೆಗೆ ಬಂದ ಗಂಡನನ್ನು ಕಂಡು ಬಸಮ್ಮ ಗಾಬರಿಯಾದಳು. ಏನಾಯಿತೆಂದು ಹೇಳಲು ಅವರಿಗೆ ಉಸಿರು ಸಾಲಲಿಲ್ಲ. ದಾರಿಯುದ್ದಕ್ಕೂ ಬಿಗಿಹಿಡಿದಿದ್ದ ಮುಷ್ಟಿ ಬಿಚ್ಚಿದರು. ಅಕ್ಕಿ ಬೆವರಿಗೆ ಅಂಟಿಕೊಂಡಿತ್ತು.

"ನೋಡೇ," ಎಂದರು ಏಕಾಂತಯ್ಯ, "ಎಲ್ಡೇ ಎಲ್ಡು ಭತ್ತ."