ಆರುವ ತನಕ

ಪಿಂಗಾಣಿಯ ಊರು ಅರಿತಾಕ್ಕೆ ಬರುವ ಪ್ರವಾಸಿಗಳಲ್ಲಿ ಎರಡು ಜಾತಿ ಎಂದು ಮಾರ್ಗದರ್ಶಿ ಹಿಸಾನೊ ಹೇಳುತ್ತಿದ್ದಳು. ಬಟ್ಟಲನ್ನು ಬೋರಲು ಹಾಕಿ, ತಳದ ಗುರುತು ಓದಿ ತಲೆದೂಗುವವನು ಕೊಳ್ಳುವುದಿಲ್ಲ. ಕಕ್ಕಸು ಎಲ್ಲಿದೆ ಎಂದು ಕೇಳಿಕೊಂಡು ಅಂಗಡಿಯೊಳಗೆ ಬಂದವನು ಸಂಕೋಚಕ್ಕಾದರೂ ಒಂದು ಚಹಾ ಬಟ್ಟಲು ಕೊಂಡು ಹೋಗುತ್ತಾನೆ. ಹಾಗಾಗಿ ಪಿಂಗಾಣಿ ಕಾರ್ಖಾನೆ ತೋರಿಸಲು ಕರೆದೊಯ್ಯುವ ತಂಡಕ್ಕೆ ಅವಳು ಮೊದಲ ನಿಲುಗಡೆಯಲ್ಲೇ ಹೊಟ್ಟೆ ತುಂಬ ಚಹಾ ಕುಡಿಸುತ್ತಿದ್ದಳು.

ಅರವತ್ತು ದಾಟಿದರೂ ಕಾಲಿಗೆ ಚಕ್ರ ಕಟ್ಟಿಕೊಂಡ ಹೆಂಗಸು. ಪಾತ್ರೆ ಸುಡುವ ಹಳೆಯ ಆವಿಗೆಗಳ ಇಟ್ಟಿಗೆಯಿಂದ ಕಟ್ಟಿದ ಗೋಡೆಗಳ ಓಣಿಯಲ್ಲಿ ಉಳಿದ ಮಾರ್ಗದರ್ಶಿಗಳು ಕಥೆ ಹೇಳುತ್ತ ಹೊತ್ತು ಕಳೆದರೆ, ಇವಳು ಬಸ್ಸು ತಪ್ಪಿಹೋಗುತ್ತಿದೆಯೇನೋ ಎಂಬಂತೆ ಎಲ್ಲರನ್ನೂ ದಾಟಿಸಿಬಿಡುತ್ತಿದ್ದಳು. ವಿಚಿತ್ರವೆಂದರೆ, ಹುಡುಗಿಯಾಗಿದ್ದಾಗಿನಿಂದ ಭುಜ ಸೋಲುವ ತನಕ ಅವಳು ಮಾಡಿದ್ದು ಕೂತೇ ಮಾಡುವ ಕೆಲಸ. ಮೊಮೊತಾ ಯಜಮಾನರ ಕಾರ್ಖಾನೆಯಲ್ಲಿ, ಕಿಟಕಿ ಪಕ್ಕದ ಚಾಪೆಯ ಮೇಲೆ ಕೂತು, ಪಾತ್ರೆಗಳ ಮೇಲಿನ ಚಿತ್ರಕ್ಕೆ ನೀಲಿ ತುಂಬುತ್ತಿದ್ದಳು.

ಈ ಊರಿನಲ್ಲಿ ಗೆರೆ ಎಳೆಯುವವರು ಬೇರೆ, ಗೆರೆಯೊಳಗೆ ಬಣ್ಣ ತುಂಬುವವರು ಬೇರೆ. ತುಂಬುವುದು ಹೆಂಗಸರ ಕೆಲಸ. ದಪ್ಪ ಕುಂಚಕ್ಕೆ ಬಣ್ಣದ ನೀರು ಕುಡಿಸಿ, ಬೆರಳಲ್ಲಿ ಹಿಂಡುತ್ತ, ತೊಟ್ಟು ನೀರನ್ನು ಕೆರೆಯ ಹಾಗೆ ನಿಲ್ಲಿಸಿಕೊಂಡು ಗೆರೆಯಿಂದ ಗೆರೆಗೆ ನಡೆಸಬೇಕು. ಕೈ ಎಲ್ಲೂ ತಡೆಯುವಂತಿಲ್ಲ, ತಡೆದಲ್ಲಿ ಕಲೆ. ಆ ಕಲೆಯೂ ಆಗ ಕಾಣುವುದಿಲ್ಲ. ಸುಡುವ ಮುಂಚೆ ಬಣ್ಣ ಬರೀ ಬೂದಿ. ಬೆಂಕಿಯಿಂದ ಹೊರಬಂದ ಮೇಲೆ ನೀಲಿಯೂ ಕಾಣುತ್ತದೆ, ಕೈಯ ತಪ್ಪೂ ಬೀದಿಗೆ ಬರುತ್ತದೆ.

ಆ ಚಾಪೆ ಈಗ ಖಾಲಿಯಾಗಿತ್ತು. ಅದು ಸೊಸೆ ಚಿನಾತ್ಸುಗೆ ಸಿಗಲಿ ಎಂದು ಹಿಸಾನೊಗೆ ಆಸೆ. ಚಿನಾತ್ಸು ಕೊಕುರಾದ ಮೀನಿನಂಗಡಿಯವರ ಮಗಳು. ಮದುವೆಯಾಗಿ ಬಂದ ಮೇಲೆ ಕಾರ್ಖಾನೆಯಲ್ಲಿ ಪೆಟ್ಟಿಗೆ ಕಟ್ಟುತ್ತ, ಬಿಡುವಿನಲ್ಲಿ ಅತ್ತೆಯಿಂದ ಕುಂಚ ಕಲಿತವಳು. ಯಜಮಾನರು ಅವಳಿಗೊಂದು ದೊಡ್ಡ ತಟ್ಟೆ ಕೊಟ್ಟರು. ತಟ್ಟೆಯ ತುಂಬ ಅಲೆಗಳು, ನೀಲಿ ಅಂಚಿನಲ್ಲಿ ದಟ್ಟವಾಗಿ ಶುರುವಾಗಿ ನಡುವಿಗೆ ಬರುತ್ತ ತಿಳಿಯಾಗಬೇಕು. ಚೆನ್ನಾಗಿ ಬಂದರೆ ಚಾಪೆ ಅವಳದು. ಇಲ್ಲದಿದ್ದರೆ ಪಕ್ಕದೂರು ಹಸಾಮಿಯಿಂದ ಒಬ್ಬ ನುರಿತ ಹೆಂಗಸನ್ನು ಕರೆಸುವುದು, ಚಿನಾತ್ಸು ಮತ್ತೆ ಪೆಟ್ಟಿಗೆಗಳ ಕೋಣೆಗೆ.

ತಟ್ಟೆ ಆವಿಗೆಗೆ ಹೋದಂದಿನಿಂದ ಹಿಸಾನೊ ಸೊಸೆಯನ್ನು ಕೇಳಿದ್ದೇ ಕೇಳಿದ್ದು. ಸೊಸೆ ಸಾರು ಬಡಿಸುವಾಗಲೂ ಅದೇ ಪ್ರಶ್ನೆ.

“ಕೈ ಎಲ್ಲಾದ್ರೂ ನಿಂತಿತ್ತೇನೇ?”

“ನನ್ನ ಕೈ ನಿಲ್ಲಲಿಲ್ಲ ಅತ್ತೆ. ನಿಂತಿದ್ದು ನೀವು, ನನ್ನ ಬೆನ್ನ ಹಿಂದೆ.”

ಸುಡುವುದು ಮುಗಿದು ಆವಿಗೆಯ ಗ್ಯಾಸು ಆರಿಸಿಯಾಗಿತ್ತು. ಆವಿಗೆ ತಾನಾಗಿ ತಣಿಯಬೇಕು, ಬಿಸಿಯಲ್ಲೇ ಗಾಳಿ ತಾಗಿದರೆ ಪಾತ್ರೆ ಬಿರಿಯುತ್ತದೆ, ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವುದು ಎಂದಾಗಿತ್ತು. ಅಷ್ಟರಲ್ಲಿ ಓಸಾಕಾದಿಂದ ಪಾತ್ರೆ ವ್ಯಾಪಾರಿಗಳ ತಂಡವೊಂದು ಬಂತು. ಮೊಮೊತಾ ಅವರಿಗೆ ಮಣ್ಣಿನ ವ್ಯಾಪಾರಿಯ ಹತ್ತಿರ ಹೋಗಬೇಕಿತ್ತು. ಹೊರಡುವಾಗ ಹಿಸಾನೊಳನ್ನು ಕರೆದು ಹೇಳಿದರು: “ಬೇಯೋ ತನಕ ತಾಳಿದ್ದೀವಿ, ಆರೋ ತನಕ ತಾಳೋಣ. ತೋರ್ಸು, ಮುಟ್ಬೇಡ.”

ತಂಡದ ಹಿರಿಯ ನಿಶಿಹಾತಾ ಎಂಬಾತ. ತಿಗರಿ, ಎರಕದ ಅಚ್ಚು, ಗೆರೆ ಎಳೆಯುವ ಕೋಣೆ, ಎಲ್ಲದರಲ್ಲೂ ಆತ ತಳ ನೋಡುವ ಜಾತಿ. ಆವಿಗೆಯ ಅಂಗಳಕ್ಕೆ ಬಂದಾಗ ಕಬ್ಬಿಣದ ಬಾಗಿಲನ್ನು ಮೇಲಿಂದ ಕೆಳಗೆ ನೋಡಿದ.

“ಅಕ್ಕಾವ್ರೆ, ಮುಚ್ಚಿದ ಬಾಗ್ಲು ನೋಡೋಕೆ ಓಸಾಕಾದಿಂದ ಬರ್ಬೇಕಿತ್ತಾ? ನಮ್ಮೂರ ಬ್ಯಾಂಕಲ್ಲೂ ಒಂದಿದೆ.”

“ಅದೂ ನಿಮಗೆ ತೆಗ್ಯಲ್ಲ ಅಂತ ಕಾಣ್ಸುತ್ತೆ,” ಎಂದಳು ಹಿಸಾನೊ.

ತಂಡ ನಕ್ಕಿತು, ನಿಶಿಹಾತಾ ಕೂಡ. ಇಂಥ ಮಾತುಗಾರರನ್ನು ಅವಳು ಬೇಕಾದಷ್ಟು ಕಂಡವಳು. ಅವರಿಗಾಗಿ ಬಾಗಿಲು ತೆಗೆಯುವ ಹೆಂಗಸಲ್ಲ. ಎಲ್ಲರನ್ನೂ ಅಂಗಡಿಗೆ ಕಳಿಸಿ, ಚಹಾ ಕೊಡು ಎಂದು ಚಿನಾತ್ಸುಗೆ ಕೂಗಿ ಹೇಳಿದಳು. ತಾನು ಹಿಂದೆಯೇ ಹೋಗಬೇಕಿತ್ತು.

ಹೋಗಲಿಲ್ಲ. ಬಿಸಿ ತೋರಿಸುವ ಮುಳ್ಳು ಇನ್ನೂ ಮೇಲೇ ಇತ್ತು. ಅದನ್ನು ನೋಡಿದಳು, ಬಾಗಿಲಿಗೆ ಬೆನ್ನು ಮಾಡಿದಳು, ಮತ್ತೆ ತಿರುಗಿದಳು. ದೊಡ್ಡ ತಟ್ಟೆಯನ್ನು ಬಾಗಿಲ ಪಕ್ಕದ ಹಲಗೆಯಲ್ಲೇ ಇಟ್ಟದ್ದು ಅವಳಿಗೆ ಗೊತ್ತು, ಇಡುವಾಗ ಎದುರಿಗೇ ಇದ್ದಳು. ಅಂಚೊಂದು ಕಂಡರೆ ಸಾಕು, ರಾತ್ರಿ ನಿದ್ದೆ ಬರುತ್ತದೆ. ಆವಿಗೆಗೆ ಒಂದು ಉಸಿರಿನ ಗಾಳಿ ಏನು ಮಾಡೀತು? ಪಿಂಗಾಣಿಯ ಊರಿನಲ್ಲಿ ಹುಟ್ಟಿ ಬೆಳೆದ ಹೆಂಗಸು ಹೀಗೆ ತನ್ನನ್ನು ತಾನೇ ನಂಬಿಸಿಕೊಂಡಳು. ಕೈಚೀಲದಿಂದ ಬಟ್ಟೆ ತೆಗೆದು, ಹಿಡಿಗೆ ಸುತ್ತಿ ಎಳೆದಳು.

ಮುಖಕ್ಕೆ ಬಿಸಿ ಹೊಡೆಯಿತು. ಅಂಗೈಯಗಲದ ಸಂದಿನಲ್ಲಿ ನೀಲಿ ಅಂಚು ಕಂಡಿತು. ದಟ್ಟವಾಗಿತ್ತು, ಸಮವಾಗಿತ್ತು. ಎದೆ ಹಗುರಾಗುವಷ್ಟರಲ್ಲಿ ಒಳಗೆ ‘ಟಣ್’ ಎಂದು ಒಂದೇ ಒಂದು ಸದ್ದು. ಗಂಟೆಯ ತುದಿಗೆ ಉಗುರು ತಾಗಿಸಿದ ಹಾಗೆ, ಇಂಪಾಗಿಯೇ ಇತ್ತು.

ಬಾಗಿಲು ಮುಚ್ಚಿದಳು. ಅಂಗಡಿಗೆ ಹೋಗಿ ಒಂದೇ ಸಮನೆ ಮಾತಾಡಿದಳು. ಆ ರಭಸಕ್ಕೆ ನಿಶಿಹಾತಾ ಕೂಡ ಒಂದು ಸಾಲು ಅನ್ನದ ಬಟ್ಟಲು ಕೊಂಡ. ಮುಖ ಯಾಕೆ ಕೆಂಪಗಿದೆ ಎಂದು ಚಿನಾತ್ಸು ಕೇಳಿದಾಗ ಬಿಸಿಲು ಎಂದಳು. ಹೊರಗೆ ಮೋಡ ಕವಿದಿತ್ತು.

ಬೆಳಿಗ್ಗೆ ಮೊಮೊತಾ ಬಾಗಿಲು ತೆಗೆದರು. ಬಟ್ಟಲುಗಳು, ಹೂಜಿಗಳು, ಎಲ್ಲ ಸರಿ. ದೊಡ್ಡ ತಟ್ಟೆ ಎರಡು ಹೋಳು.

ಚಿನಾತ್ಸು ಏಪ್ರನ್ನಿಗೆ ಕೈ ಒರೆಸಿಕೊಂಡು ಪೆಟ್ಟಿಗೆ ಕೋಣೆಯ ಕಡೆಗೆ ಹೊರಟಳು. ಯಜಮಾನರು ಒಡಕಿನ ಮೇಲೆ ಬೆರಳಾಡಿಸಿದರು. ಬ್ಲೇಡಿನ ಹಾಗೆ ಹರಿತವಾಗಿತ್ತು. ಬೆಂಕಿಯಲ್ಲಿ ಬಿಟ್ಟ ಬಿರುಕಿನ ಅಂಚು ಕರಗಿ ನುಣುಪಾಗಿರುತ್ತದೆ. ಇದು ಆಮೇಲೆ ಆದದ್ದು.

“ಗಾಳಿ ತಾಗಿದೆ,” ಎಂದರು. ಆವಿಗೆ ತುಂಬುವಾಗ ತಾವೇ ಬಾಗಿಲನ್ನು ಸರಿಯಾಗಿ ಬಿಗಿಯಲಿಲ್ಲವೇನೋ ಎಂದು ಗೊಣಗುತ್ತ ಹಿಡಿಯನ್ನು ಅಲ್ಲಾಡಿಸಿ ನೋಡತೊಡಗಿದರು.

ಹಿಸಾನೊ ಸುಮ್ಮನಿದ್ದಿದ್ದರೆ ಅದು ಹಿಡಿಯ ತಪ್ಪಾಗಿಯೇ ಉಳಿಯುತ್ತಿತ್ತು. ಆದರೆ ಸೊಸೆ ಆಗಲೇ ಅರ್ಧ ಅಂಗಳ ದಾಟಿದ್ದಳು.

“ಯಜಮಾನ್ರೆ, ಬಾಗ್ಲು ತೆಗ್ದಿದ್ದು ನಾನು. ನಿನ್ನೆ. ಯಾರೂ ತೆಗಿ ಅಂದಿದ್ದಲ್ಲ, ನನಗೇ ತಡ್ಕೊಳೋಕೆ ಆಗ್ಲಿಲ್ಲ.”

ಮೊಮೊತಾ ಅವಳನ್ನು ನೋಡಲಿಲ್ಲ. ಎರಡೂ ಹೋಳುಗಳನ್ನು ಬೆಳಕಿಗೆ ಒಯ್ದು ಜೋಡಿಸಿ ಹಿಡಿದರು. ಕಣ್ಣು ಅಂಚಿನಿಂದ ನಡುವಿಗೆ ಹೋಯಿತು, ಮತ್ತೆ ಅಂಚಿಗೆ ಬಂತು. ಒಡಕಿನ ಈಚೆ ಇದ್ದ ಅಲೆ ಆಚೆಯೂ ಅದೇ ನೀಲಿಯಲ್ಲಿ ಸಾಗಿತ್ತು. ಕುಂಚ ತಡೆದ ಗುರುತು ಎಲ್ಲೂ ಇರಲಿಲ್ಲ.

“ಚಿನಾತ್ಸು, ಎಲ್ಲಿಗೆ ಹೊರಟೆ? ನಿನ್ನ ಚಾಪೆ ಆ ಕಡೆ,” ಎಂದು ಕಿಟಕಿ ತೋರಿಸಿದರು. “ಒಡೆದೋಳು ನಿಮ್ಮತ್ತೆ. ನಿನಗ್ಯಾಕೆ ಶಿಕ್ಷೆ?”

ಚಿನಾತ್ಸು ಹೋಳುಗಳನ್ನು ನೋಡಿದಳು, ಅತ್ತೆಯನ್ನು ನೋಡಿದಳು. “ಅತ್ತೆ, ನಮ್ಮ ತವರಲ್ಲಿ ಮೀನಿಡೋ ಮಂಜುಗಡ್ಡೆ ಪೆಟ್ಟಿಗೆಗೂ ಬೀಗ ಹಾಕ್ತಿದ್ರು, ಬೆಕ್ಕಿಗೂ ತಡ್ಕೊಳೋಕೆ ಆಗಲ್ಲ ಅಂತ,” ಎಂದು ಹೇಳಿ ಚಾಪೆಯತ್ತ ನಡೆದಳು. ಹೋಗುವಾಗ ಕಣ್ಣೊರೆಸಿಕೊಂಡಿದ್ದು ಹಿಸಾನೊಗೆ ಕಂಡಿತು.

ಶಿಕ್ಷೆ ಅತ್ತೆಗೆ ಉಳಿಯಿತು, ಅದನ್ನೂ ಯಜಮಾನರು ವ್ಯಾಪಾರಸ್ಥರ ಹಾಗೆ ತೂಗಿಯೇ ಕೊಟ್ಟರು. ಇನ್ನು ಮುಂದೆ ಆವಿಗೆ ತಣಿಯುವಾಗಲೆಲ್ಲ, ಪ್ರವಾಸಿಗಳಿಲ್ಲದ ಹೊತ್ತಿನಲ್ಲಿ, ಅದರ ಮುಂದೆ ಹಿಸಾನೊಳದೇ ಕಾವಲು. ನಡೆಯುವಂತಿಲ್ಲ, ಕೂರಬೇಕು.

ಈಗಲೂ ಕೂರುತ್ತಾಳೆ, ಮಗುಚಿದ ಮಣ್ಣಿನ ಬಾನಿಯ ಮೇಲೆ. ಮುಳ್ಳು ನೋಡುತ್ತಾಳೆ, ಏಳುತ್ತಾಳೆ. ಕಿಟಕಿಯ ಹಿಂದೆ ತಲೆ ಬಗ್ಗಿಸಿ ಕೂತ ಸೊಸೆ ಕಾಣುವಷ್ಟು ದೂರ ಹೋಗುತ್ತಾಳೆ, ಯಜಮಾನರ ಕೆಮ್ಮು ಕೇಳಿದೊಡನೆ ಬಂದು ಮತ್ತೆ ಕೂರುತ್ತಾಳೆ.