ಕೆಳಗಿನ ತುಂಡಿನ ರಸಬಾಳೆ

ಹೆಮ್ಮರಗಾಲದ ಬಸವೇಶನ ಬಳಿ ಸಂಖ್ಯಾಶಾಸ್ತ್ರದ ಡಿಗ್ರಿ ಇತ್ತು, ಸಂಖ್ಯಾಶಾಸ್ತ್ರ ಇರಲಿಲ್ಲ. ಥರ್ಡ್ ಕ್ಲಾಸಿನಲ್ಲಿ ಪಾಸಾದದ್ದನ್ನು ಊರಲ್ಲಿ ‘ಮೂರನೇ ಸ್ಥಾನ’ ಎಂದು ಹೇಳಿಕೊಂಡು ತಿರುಗಿದ್ದ. ಎರಡು ಸಾವಿರದ ಮೂರರಲ್ಲಿ ಟಿ. ನರಸೀಪುರದ ಹೊರಗೆ, ಒಂದು ಟ್ರಸ್ಟಿನ ಸಸ್ಯ ಸಂಶೋಧನಾ ಕೇಂದ್ರದಲ್ಲಿ ಕ್ಷೇತ್ರ ಸಹಾಯಕನ ಕೆಲಸ ಸಿಕ್ಕಿತು. ಕ್ಷೇತ್ರ ಸಹಾಯಕ ಎಂದರೆ ಸಸಿಯ ಕ್ರೇಟುಗಳನ್ನು ಬಸ್ಸಿನ ಮೇಲೆ ಏರಿಸುವವನು, ಇಳಿಸುವವನು, ನಡುವೆ ಕಂಡಕ್ಟರನಿಂದ ಬೈಸಿಕೊಳ್ಳುವವನು. ಪ್ರಯೋಗ ಚೆನ್ನಾಗಿ ಮುಗಿದರೆ ಕೆಲಸ ಕಾಯಂ ಎಂದು ಡಾಕ್ಟರ್ ರಘೂತ್ತಮ ಹೇಳಿದ್ದರು. ಆ ಒಂದು ಮಾತನ್ನೇ ಹಿಡಿದುಕೊಂಡು ಅವನು ದಿನ ತಳ್ಳುತ್ತಿದ್ದ.

ರಘೂತ್ತಮರದು ಅಣು ಜೀವವಿಜ್ಞಾನ. ನಂಜನಗೂಡು ಸೀಮೆಯ ರಸಬಾಳೆ ತೋಟಗಳೆಲ್ಲ ಸೊರಗು ರೋಗ ತಗುಲಿ ಒಣಗುತ್ತಿದ್ದ ಕಾಲ ಅದು. ಒಂದು ಗಿಡದ ಡಿಎನ್‌ಎಯಲ್ಲಿ ರೋಗ ತಡೆಯುವ ಗುರುತು ಕಂಡಿದ್ದೇನೆಂದು ನಂಬಿ, ಆ ಗಿಡದಿಂದಲೇ ಲ್ಯಾಬಿನ ಬಾಟಲಿಗಳಲ್ಲಿ ಸಸಿ ಬೆಳೆಸಿದ್ದರು. ಅದನ್ನು ರೈತರ ಹೊಲದಲ್ಲಿ ಊರಿನ ಬಾಳೆಬುಡಗಳಲ್ಲಿ ಒಡೆದ ಕಂದುಗಳ ಜೊತೆಗೆ ನೆಟ್ಟು ಹೋಲಿಸಬೇಕಿತ್ತು. ಹೋಲಿಕೆಯ ಲೆಕ್ಕಕ್ಕೆಂದು ಬಂದಿದ್ದವರು ಮೈತ್ರೇಯಿ. ಅವರಿಬ್ಬರಲ್ಲಿ ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ.

“ಪ್ರತಿ ಹೊಲದಲ್ಲೂ ಮೇಲಿನ ತುಂಡು, ಕೆಳಗಿನ ತುಂಡು ಅಂತ ಎರಡು ಮಾಡಿ,” ಎಂದು ಮೈತ್ರೇಯಿ ಬಸವೇಶನಿಗೆ ಹೇಳಿದರು. “ಲ್ಯಾಬ್ ಸಸಿ ಯಾವುದಕ್ಕೆ ಅನ್ನೋದನ್ನ ಚೀಟಿ ಎತ್ತಿ ತೀರ್ಮಾನ ಮಾಡಿ. ಬಂದದ್ದು ಬಂದ ಹಾಗೇ ನೆಡಿಸಿ. ನಿಮ್ಮ ಬುದ್ಧಿ ಉಪಯೋಗಿಸಬೇಡಿ.”

“ಇದ್ರೆ ತಾನೇ ಉಪಯೋಗಿಸೋಕೆ,” ಎಂದರು ರಘೂತ್ತಮ.

ಬುದ್ಧಿ ಇದೆಯೆಂದು ತೋರಿಸುವ ಹಟ ಬಸವೇಶನಿಗೆ ಹುಟ್ಟಿದ್ದು ಅಲ್ಲೇ.

ಹೆಮ್ಮರಗಾಲದಲ್ಲಿ ಮೊದಲ ಚೀಟಿ ಎತ್ತಿದ್ದು ಸೋದರತ್ತೆ ಗುರುಬಸಮ್ಮನ ಹೊಲಕ್ಕೆ. ಗಂಡ ಸತ್ತ ಮೇಲೆ ಒಬ್ಬಳೇ ಬೇಸಾಯ ಮಾಡಿಸಿಕೊಂಡು, ಇಡೀ ಊರನ್ನು ಬಾಯಲ್ಲೇ ಆಳುತ್ತಿದ್ದ ಹೆಂಗಸು. ಚೀಟಿ ಕೆಳಗಿನ ತುಂಡಿಗೆ ಬಂತು. ಕಾಲುವೆಯ ಬಸಿನೀರೆಲ್ಲ ಬಂದು ನಿಲ್ಲುವ ಕೆಸರು ನೆಲ ಅದು.

“ಚೀಟಿಗೇನ್ಲಾ ಗೊತ್ತು? ಗದ್ದಿಗೆ ತಾವ ಹೂ ಕೇಳ್ಮ ನಡಿ.”

ಆ ಊರಿನಲ್ಲಿ ಹೆಣ್ಣು ನೋಡಲು ಹೊರಡುವ ಮೊದಲೂ, ಬೋರ್‌ವೆಲ್ ಕೊರೆಸುವ ಮೊದಲೂ ಮಠದ ಗದ್ದಿಗೆಗೆ ಒದ್ದೆ ಹೂ ಅಂಟಿಸಿ ಪ್ರಸಾದ ಕೇಳುವುದು ರೂಢಿ. ಬಲಗಡೆಯ ಹೂ ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ಬಸವೇಶ ನಿಂತಲ್ಲೇ ಲೆಕ್ಕ ಹಾಕಿದ. ಚೀಟಿ ಯಾರ ಕೈಯಲ್ಲೂ ಇಲ್ಲ, ಹೂವೂ ಯಾರ ಕೈಯಲ್ಲೂ ಇಲ್ಲ. ಲಾಟರಿಯ ಮೇಲೊಂದು ಲಾಟರಿ ಆಡಿದರೆ ಶಾಸ್ತ್ರಕ್ಕೆ ಇನ್ನೂ ಹತ್ತಿರವಾಯಿತಲ್ಲ! ಕಾಲೇಜಿನಲ್ಲಿ ಯಾರೂ ಹೇಳಿಕೊಡದ ಈ ಪ್ರಮೇಯಕ್ಕೆ ತಾನೇ ತಲೆದೂಗಿದ.

ಅವನ ಪ್ರಮೇಯದಲ್ಲಿ ಒಂದು ತೂತಿತ್ತು. ಯಾವ ರೈತನ ಹೊಲವೇ ಆಗಲಿ, ಚೀಟಿ ಮೇಲಿನ ತುಂಡಿಗೆ ಬಂದಾಗ ಯಾರೂ ಹೂ ಕೇಳುತ್ತಿರಲಿಲ್ಲ. ಕೆಳಗಿನದಕ್ಕೆ ಬಂದಾಗ ಮಾತ್ರ ಮಠಕ್ಕೆ ಹೋಗುತ್ತಿದ್ದರು. ಎಡಗಡೆ ಬಿದ್ದರೆ ಚೀಟಿ ಮತ್ತೆ ಎತ್ತುತ್ತಿದ್ದರು. ಬಲಗಡೆ ಬಿದ್ದರೂ “ಸ್ವಾಮಿ ತಮಾಸೆ ಮಾಡ್ತಾವ್ನೆ” ಎಂದು ಇನ್ನೊಮ್ಮೆ ಕೇಳುತ್ತಿದ್ದರು. ಹೀಗೆ ಲ್ಯಾಬಿನ ಸಸಿಗಳೆಲ್ಲ ನೀರು ಬಸಿದು ಹೋಗುವ ಒಳ್ಳೆಯ ನೆಲಕ್ಕೆ ಸೇರಿದವು, ಊರಿನ ಕಂದುಗಳು ಕೆಸರಿಗೆ.

ಮಾರನೇ ವರ್ಷ ಲ್ಯಾಬಿನ ಸಸಿಗಳು ಗೊನೆ ಬಿಟ್ಟವು, ಕಂದುಗಳು ಸೊರಗಿದವು. ರಘೂತ್ತಮ ಕೇಂದ್ರಕ್ಕೆಲ್ಲ ಮೈಸೂರುಪಾಕು ಹಂಚಿದರು. ಮೈತ್ರೇಯಿ ಮುಟ್ಟಲಿಲ್ಲ.

“ಚೀಟಿ ಎತ್ತಿದ್ರೆ ಅರ್ಧಕ್ಕರ್ಧ ಕೆಳಗೆ ಬರಬೇಕಿತ್ತಲ್ಲ, ಬಸವೇಶ್? ಎಲ್ಲಾ ಮೇಲೇ ಹೇಗೆ ಬಂತು?”

“ಬಂತು ಮೇಡಂ. ಅದೃಷ್ಟ.”

“ಬಿಡಿ ಮೇಡಂ,” ಎಂದರು ರಘೂತ್ತಮ. “ಗುರುತು ಸಸಿಯೊಳಗೇ ಇದೆ. ಲ್ಯಾಬಿಗೆ ಬಂದ್ರೆ ತೋರಿಸ್ತೀನಿ.”

“ಸಸಿಯೊಳಗೆ ಏನಿದೆ ಅಂತ ನಿಮ್ಮ ಲ್ಯಾಬ್ ಹೇಳುತ್ತೆ. ಸಸಿ ಯಾತರಿಂದ ಬದುಕ್ತು ಅಂತ ಹೇಳಲ್ಲ. ಸಸಿಯಿಂದಲೋ, ನೆಲದಿಂದಲೋ?”

ಗುರುಬಸಮ್ಮ ಬಂದದ್ದು ಅಷ್ಟರಲ್ಲೇ. ಇನ್ನಷ್ಟು ಸಸಿ ಕೇಳಲು ನಂಜನಗೂಡಿನಲ್ಲಿ ಬಸ್ಸು ಬದಲಿಸಿಕೊಂಡು ಬಂದಿದ್ದಳು. ಅಳಿಯನನ್ನು ಯಾರೋ ಹೆಂಗಸು ನಿಲ್ಲಿಸಿಕೊಂಡು ಗದರುತ್ತಿರುವುದು ಕಂಡು ಮೈಯೆಲ್ಲ ಉರಿಯಿತು.

“ಯಾಕವ್ವಾ ನಮ್ಮ ಹೈದನ ಮೇಲೆ ಎಗರಾಡ್ತಿದ್ದೀಯೆ? ಅವ್ನೇನ್ ತಪ್ ಮಾಡವ್ನೆ? ಚೀಟಿ ಕೆಳಿಕ್ ಬಂದ್ರೂ, ಸ್ವಾಮಿ ಒಪ್ಪಗಂಟ ಹೂ ಕೇಳಿ ಕೇಳಿ ಮೇಲಿನ್ ತುಂಡ್ಗೇ ಆಕ್ಸವ್ನೆ!”

“ಅತ್ತೆ, ಸುಮ್ನಿರತ್ತೆ,” ಎಂದ ಬಸವೇಶ.

“ನೀನ್ ಸುಮ್ಕಿರ್ಲಾ! ಹೆದ್ರುಪುಕ್ಲ!”

ಕಾಯಂ ಕೆಲಸ ಎದ್ದು ಬಾಗಿಲ ಕಡೆ ನಡೆದದ್ದನ್ನು ಬಸವೇಶ ಕಣ್ಣಾರೆ ಕಂಡ. ರಘೂತ್ತಮರ ಮುಖ ಕಪ್ಪಿಟ್ಟಿತ್ತು. “ನಾಲಾಯಕ್!” ಎಂದರು. ಮೈತ್ರೇಯಿ ಮಾತ್ರ ತಣ್ಣಗೆ ಹೇಳಿದರು, “ಇನ್ನೊಂದು ಸಲ ಮಾಡಿ. ಹೂ ಇಲ್ಲದೆ. ಸಸಿ ಕೆಳಗೂ ಉಳಿದ್ರೆ ಬಸವೇಶ್ ಅವರ ಕೆಲಸಕ್ಕೆ ನಾನೇ ಶಿಫಾರಸು ಬರೀತೀನಿ.”

ಈ ಸಲ ಚೀಟಿ ಎತ್ತಿದ್ದು ಮೈತ್ರೇಯಿ. ಗುರುಬಸಮ್ಮನ ಹೊಲಕ್ಕೆ ಮತ್ತೆ ಕೆಳಗಿನ ತುಂಡೇ ಬಂತು. ಅವಳು ಸೆರಗು ಸಿಕ್ಕಿಸಿ ಬದುವಿನಲ್ಲಿ ನಿಂತಳು. “ಹೂ ಕೇಳ್ದೆ ಒಂದ್ ಕಡ್ಡಿನೂ ನೆಡಾಕ್ ಬಿಡಾಕಿಲ್ಲ.”

“ಬಿಡತ್ತೆ, ನನ್ ಕೆಲ್ಸದ ಪ್ರಶ್ನೆ.”

“ನಿನ್ ಕೆಲ್ಸುಕ್ಕೆ ನನ್ ಒಲ ಹಾಳಾಗ್ಬೇಕಾ?”

ಅಣ್ಣನ ಮಗ ಎಂಬ ಒಂದೇ ಕಾರಣಕ್ಕೆ, ಉಗಿದು, ದಾರಿ ಬಿಟ್ಟಳು. ಆಳುಗಳು ಅವಳಿಗೆ ಹೆದರಿ ಬರಲಿಲ್ಲ. ಬಸವೇಶನೇ ಮೊಣಕಾಲುದ್ದ ಕೆಸರಿನಲ್ಲಿ ಗುಂಡಿ ತೆಗೆದು ನೆಟ್ಟ. ಭಾನುವಾರಗಳಲ್ಲಿ ಬಂದು ಎಲೆ ಸವರಿ ನೋಡುತ್ತಿದ್ದ. ಹೆತ್ತ ತಾಯಿಯ ಹಣೆಯನ್ನು ಅಷ್ಟು ಅಕ್ಕರೆಯಿಂದ ಮುಟ್ಟಿದವನಲ್ಲ.

ಮಳೆಗಾಲ ಕಳೆಯುವುದರೊಳಗೆ ಎಲೆಗಳು ಹಳದಿಗೆ ತಿರುಗಿ ದಿಂಡಿನ ಸುತ್ತ ಜೋತುಬಿದ್ದವು. ಕುಡುಗೋಲಿನಲ್ಲಿ ಸೀಳಿದರೆ ಒಳಗೆಲ್ಲ ಸೊರಗು ರೋಗದ ಕಂದು ಬಣ್ಣದ ಗೆರೆ. ಉಳಿದ ಹೊಲಗಳಲ್ಲೂ ಕೆಸರಿಗೆ ಬಿದ್ದ ಸಸಿಗಳದ್ದು ಇದೇ ಗತಿ. ಮೇಲಿನ ತುಂಡಿಗೆ ಬಿದ್ದಿದ್ದ ಊರಿನ ಕಂದುಗಳು ಹಾಯಾಗಿದ್ದವು. ಬದುಕಿಸಿದ್ದು ನೆಲವೇ ಹೊರತು ರಘೂತ್ತಮರ ಗುರುತಲ್ಲ. ಟ್ರಸ್ಟಿನವರು ಯೋಜನೆ ಮುಚ್ಚಿದರು. ಮೈತ್ರೇಯಿ ಗೆದ್ದರು, ಆದರೆ ಸಸಿ ಉಳಿಯದೆ ಅವರ ಶಿಫಾರಸೂ ಇಲ್ಲ, ಶಿಫಾರಸು ಮಾಡಲು ಕೆಲಸವೂ ಇಲ್ಲ.

ಸಂಬಳದ ಲೆಕ್ಕ ಚುಕ್ತಾ ಆದ ಮರುದಿನ ಬಸವೇಶ ಹೊಲಕ್ಕೆ ಹೋದ. ಗುರುಬಸಮ್ಮ ಕಾದೇ ನಿಂತಿದ್ದಳು.

“ಸ್ವಾಮಿ ಬ್ಯಾಡ ಅಂದಿರ್ನಿಲ್ವಾ? ಓದ್ದೋರಂತೆ!”

“ಸ್ವಾಮಿಗಲ್ಲತ್ತೆ, ನೀರ್ ನಿಲ್ಲೋದು ನಿಂಗೇ ಗೊತ್ತಿತ್ತು.”

“ಗೊತ್ತಿದ್ದುಕ್ಕೇ ಕೇಳಿದ್ದು ಕಣ್ಲಾ. ನೀನೇ ನೆಟ್ಟಿದ್ದು, ನೀನೇ ಕಿತ್ ಸುಡು. ಒಂದ್ ಬುಡನೂ ಉಳೀಬಾರ್ದು.”

ಅವನು ಪ್ಯಾಂಟು ಮಡಚಿ ಕೆಸರಿಗಿಳಿದ. ಅವಳು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಒಂದೊಂದು ಬುಡ ಕಿತ್ತು ಬಂದಾಗಲೂ ಅವನನ್ನು, ಅವನ ಮೇಡಮ್ಮನನ್ನು, ಅವನ ಕಾಲೇಜನ್ನು ಬೇರೆಬೇರೆಯಾಗಿ ಬೈದಳು.